ಗೋಣಿಚೀಲ ಹೊದ್ದ ಗುಂಡುಕಳ್ಳಿಯವರ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ಬಾಲ್ಕನಿಯ ಪೂರ್ವ ಮೂಲೆಯಲ್ಲಿ, ಬಟ್ಟೆ ಒಣಹಾಕುವ ಹಗ್ಗಕ್ಕೂ ಕಿಟಕಿಯ ಸರಳಿಗೂ ನಡುವೆ ವಿರಾಜಮಾನರಾಗಿರುವ, ಮೈಯೆಲ್ಲ ಮುಳ್ಳಾದರೂ ಮನೆಮಂದಿಗೆಲ್ಲ ಮುದ್ದಾಗಿರುವ, ಹೊಗಳಿದರೆ ಹಿಗ್ಗದ, ತೆಗಳಿದರೆ ಕುಗ್ಗದ, ಗೊಬ್ಬರಕ್ಕೂ ಜಗ್ಗದ ಶ್ರೀ ಗುಂಡುಕಳ್ಳಿಯವರಿಗೆ, ಈ ಮನೆಯ ಯಜಮಾನನೆಂದು ಬಾಗಿಲ ಫಲಕದಲ್ಲಿ ಮಾತ್ರ ನಮೂದಾಗಿರುವ ನಾನು ಒಂದು ಮಾರು ದೂರದಿಂದಲೇ ಕೈಮುಗಿದು ಮಾಡುವ ಅರಿಕೆಗಳು. ನಾನು ಕ್ಷೇಮ. ತಮ್ಮ ಕ್ಷೇಮ ಸಮಾಚಾರವನ್ನು ಕೇಳುವ ಹಕ್ಕು ನನಗೆ ಉಳಿದಿಲ್ಲವಾದ್ದರಿಂದ ಕೇಳುತ್ತಿಲ್ಲ.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೊಂದು ವರ್ಷದಿಂದ ಕುರ್ಚಿ ಸವೆಸುತ್ತಿರುವ ನನಗೆ ದೂರು ಓದಿ ಗೊತ್ತೇ ಹೊರತು ಬರೆದು ಗೊತ್ತಿಲ್ಲ. ಆದ್ದರಿಂದ ಇದರಲ್ಲಿ ಲೋಪದೋಷಗಳಿದ್ದರೆ ಮನ್ನಿಸಬೇಕು. ದೂರನ್ನು ತಮಗೇ ಏಕೆ ಬರೆಯುತ್ತಿದ್ದೇನೆಂದು ತಾವು ಕೇಳಬಹುದು. ಈ ಪ್ರಕರಣದಲ್ಲಿ ನನ್ನನ್ನು ಬಿಟ್ಟರೆ ಮೂವರಿದ್ದಾರೆ: ನನ್ನ ಅಕ್ಕ, ನನ್ನ ಮಾವ ಮತ್ತು ನನ್ನ ಹೆಂಡತಿ. ಹಿರಿಯರನ್ನು ದೂರುವಂತಿಲ್ಲ, ಹೆಂಡತಿಯನ್ನು ದೂರಿ ಆ ಮೇಲೆ ಉಣ್ಣುವಂತಿಲ್ಲ. ಹೀಗಾಗಿ ಉಳಿದವರು ತಾವೊಬ್ಬರೇ, ಅದೂ ಬಾಯಿಲ್ಲದವರು.

ಹನ್ನೊಂದು ವರ್ಷದ ಕೆಳಗೆ ಅಕ್ಕ ಇಪ್ಪತ್ತು ಬೀಜ ಬಿತ್ತಿ, ಹತ್ತೊಂಬತ್ತನ್ನು ಕಳೆದುಕೊಂಡು, ತಮ್ಮೊಬ್ಬರನ್ನು ಉಳಿಸಿಕೊಂಡಳೆಂಬುದು ತಮಗೆ ತಿಳಿಯದ್ದೇನಲ್ಲ. ಆಸ್ಪತ್ರೆಯ ನರ್ಸಾದ ಆಕೆಯ ಕೈಯಲ್ಲಿ ಸಾವಿರ ಮಕ್ಕಳು ಹುಟ್ಟಿ, ಬೆಳೆದು, ಸೈಕಲ್ ತುಳಿಯುತ್ತಿರುವ ಈ ಅವಧಿಯಲ್ಲಿ ತಾವು ಬಹಳ ಯೋಚಿಸಿ ಒಂದು ಕಿತ್ತಳೆಹಣ್ಣಿನಷ್ಟಾದಿರಿ. ಅಷ್ಟಾದರೂ ಅವಳಿಗೆ ತಾವೆಂದರೆ ಪ್ರಾಣ. ಎರಡು ವರ್ಷದ ಮಟ್ಟಿಗೆ ಬೇರೆ ಊರಿಗೆ ವರ್ಗವಾದಾಗ ಕುಂಡವನ್ನು ತಂದು ನನ್ನ ಕೈಗಿಟ್ಟು, "ತಿಂಗಳಿಗೊಂದ್ಸಲ ನೀರು, ಚಳಿಗಾಲದಲ್ಲಿ ಅದೂ ಬೇಡ. ಬೇರೆ ಏನೂ ಮಾಡಬೇಡ ಕಣೋ. ಆಫೀಸಿನಲ್ಲಿ ಇಷ್ಟು ವರ್ಷ ಮಾಡಿರೋದನ್ನೇ ಇಲ್ಲೂ ಮಾಡು, ಸಾಕು" ಎಂದು ಹೇಳಿ ಹೋದಳು. ಅಕ್ಕ ನನ್ನ ಮೇಲಿಟ್ಟ ಮೊದಲ ನಂಬಿಕೆ ಅದು. ಅದಕ್ಕೆ ಮುಂಚೆ ಅವಳು ಹಾಲು ಕಾಯಿಸಲೂ ನನ್ನನ್ನು ನಂಬಿದವಳಲ್ಲ.

ನಾನಾದರೋ ಕರ್ತವ್ಯನಿಷ್ಠ. ಪ್ರತಿ ಭಾನುವಾರ ಮಗಳ ಸ್ಕೇಲು ಹಿಡಿದು ತಮ್ಮ ಎತ್ತರ ಅಳೆದೆ. ಇಪ್ಪತ್ತು ತಿಂಗಳಲ್ಲಿ ತಾವು ಬೆಳೆದದ್ದು ಐದು ಮಿಲಿಮೀಟರು. ಅಷ್ಟರಲ್ಲಿ ಮಗಳ ಮೂರು ಜೊತೆ ಚಪ್ಪಲಿ ಬಿಗಿಯಾದವು, ನನ್ನ ಎರಡು ಪ್ಯಾಂಟು ಬಿಗಿಯಾದವು. ತಮ್ಮ ಕುಂಡ ಮಾತ್ರ ಸಡಿಲವಾಗಿಯೇ ಇತ್ತು. ತಾವು ಉಪವಾಸ ಬಿದ್ದಿದ್ದೀರೆಂದು ತೀರ್ಮಾನಿಸಿದೆ. ಅಕ್ಕ ಹಾಕಿದ್ದ ಮಣ್ಣನ್ನು ಕೆದಕಿ ನೋಡಿದರೆ ಬರೀ ಮರಳು, ಹರಳು, ನಡುವೆ ಹೆಸರಿಗೊಂದಿಷ್ಟು ಮಣ್ಣು. ರಸ್ತೆ ರಿಪೇರಿಯಲ್ಲಿ ಉಳಿದದ್ದನ್ನು ಬಾಚಿ ತಂದಂತಿತ್ತು. ಇಂಥದರಲ್ಲಿ ಯಾವ ಮಾನವಂತ ಗಿಡ ಬೆಳೆದೀತು ಎಂದುಕೊಂಡು ನರ್ಸರಿಗೆ ಹೋದೆ. ಅಲ್ಲಿಯವನು ಕಾಡಿಗೆಯಷ್ಟು ಕಪ್ಪಗಿದ್ದ ಗೊಬ್ಬರದ ಮೂಟೆ ತೋರಿಸಿ, "ಇದ್ರಲ್ಲಿ ಕಲ್ಲು ನೆಟ್ರೂ ಚಿಗುರುತ್ತೆ ಸಾರ್" ಎಂದ. ತಂದು, ತುಂಬಿ, ತಮ್ಮನ್ನು ಅದರಲ್ಲಿ ಪ್ರತಿಷ್ಠಾಪಿಸಿದೆ.

ತಾವು ಉಂಡಿರಿ. ಉಂಡು ಉಬ್ಬಿದಿರಿ. ಉಬ್ಬಿದ ಎರಡನೆಯ ತಿಂಗಳಿಗೆ ಎಡಪಕ್ಕೆಯಲ್ಲಿ ಬಿರುಕು ಬಿಟ್ಟಿರಿ. ನಾನು ಗಾಬರಿಯಾಗಿ ಹೆಂಡತಿಯನ್ನು ಕರೆದರೆ ಅವಳು ಬಗ್ಗಿ ನೋಡಿ, "ಔತಣದಲ್ಲಿ ನಿಮ್ಮ ಶರ್ಟಿನ ಗುಂಡಿ ಕಿತ್ತುಹೋಗಲ್ವಾ, ಹಂಗಾಗಿದೆ ಅದಕ್ಕೆ. ಗೊಬ್ಬರ ತೆಗೀರಿ, ಅಪ್ಪಂಗೆ ಹೇಳ್ತೀನಿ, ಮರಳು ಜಲ್ಲಿ ಅವರಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ" ಎಂದು ತೀರ್ಪು ಕೊಟ್ಟಳು.

ಮಾವನವರು ನಲವತ್ತು ವರ್ಷ ಗಾರೆ ಮೇಸ್ತ್ರಿಯಾಗಿದ್ದವರು. ಅವರು ಕಟ್ಟಿದ ಒಂದೇ ಒಂದು ಗೋಡೆ ಬಿರುಕು ಬಿಟ್ಟಿಲ್ಲವೆಂಬುದನ್ನು ಅವರೂ ಹೇಳುತ್ತಾರೆ, ಗೋಡೆಗಳೂ ಹೇಳುತ್ತವೆ. ಬಂದವರೇ ಪಂಚೆ ಮೇಲಕ್ಕೆ ಕಟ್ಟಿ ಬಾಲ್ಕನಿಯಲ್ಲಿ ಕೂತರು. ದಪ್ಪ ಮರಳನ್ನು ಜರಡಿ ಹಿಡಿದು, ಕೆಳಗೆ ಬಿದ್ದ ಪುಡಿಯನ್ನೆಲ್ಲ ಚೆಲ್ಲಿ, ಉಳಿದದ್ದನ್ನು ನೀರು ತಿಳಿಯಾಗುವ ತನಕ ಮೂರು ಸಲ ತೊಳೆದು ಒಣಗಿಸಿದರು. ಹಳೆಯ ಇಟ್ಟಿಗೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿದರು. ಒಂದು ಪಾಲು ಮಣ್ಣು, ಎರಡು ಪಾಲು ಮರಳು, ಒಂದು ಪಾಲು ಇಟ್ಟಿಗೆ ಚೂರು, ಮೇಲೊಂದು ಹಿಡಿ ಇದ್ದಿಲ ಪುಡಿ ಕಲಸಿ, ಮುಷ್ಟಿಯಲ್ಲಿ ಹಿಂಡಿ ಬಿಟ್ಟು ತೋರಿಸಿದರು. "ನೋಡಿ ಅಳಿಯಂದಿರೇ, ಬಿಟ್ಟ ತಕ್ಷಣ ಉದುರಬೇಕು. ಉಂಡೆ ಕಟ್ಟಿದ್ರೆ ಅದು ಗಾರೆ" ಎಂದರು. ಉದುರಿತು. ಕುಂಡದ ತಳದ ತೂತಿಗೆ ಹೆಂಚಿನ ಚೂರು ಮುಚ್ಚಿ, ತಮ್ಮನ್ನು ನೆಟ್ಟು, ಗೋಡೆಗೆ ಹಿಡಿಯುವ ತೂಗುಗುಂಡು ಇಳಿಬಿಟ್ಟು ತಾವು ನೆಟ್ಟಗಿದ್ದೀರೆಂದು ಖಾತರಿ ಮಾಡಿಕೊಂಡರು. ಅಷ್ಟು ಒಳ್ಳೆಯ ಮಣ್ಣನ್ನು ನಾನು ಈವರೆಗೆ ಕಂಡಿಲ್ಲ. ಅವರನ್ನು ಅಲ್ಲಿಗೇ ಊರಿಗೆ ಕಳಿಸಿದ್ದರೆ ಈ ಪತ್ರ ಹುಟ್ಟುತ್ತಿರಲಿಲ್ಲ.

ಆದರೆ ಹೊಸ ಕೆಲಸ ಮುಗಿಸಿದ ಮೇಸ್ತ್ರಿ ಹಾಗೆಲ್ಲ ಊರಿಗೆ ಹೋಗುವುದಿಲ್ಲ. ನಾನು ಕಚೇರಿಗೆ, ಹೆಂಡತಿ ಶಾಲೆಗೆ, ಮಾವ ಬಾಲ್ಕನಿಗೆ. ಬಿರುಕಿನ ನಂತರ ಹೆಂಡತಿ ಸ್ಕೇಲು ಕಿತ್ತಿಟ್ಟುಕೊಂಡಿದ್ದರಿಂದ ಭಾನುವಾರದ ಅಳತೆಯೂ ಇರಲಿಲ್ಲ. ಹೀಗೆ ಹನ್ನೆರಡು ದಿನ ಕಳೆದವು. ಹದಿಮೂರನೆಯ ದಿನ ರಜೆಯೆಂದು ಸಾವಕಾಶವಾಗಿ ಬಾಲ್ಕನಿಗೆ ಬಂದವನಿಗೆ ತಾವು ಕಾಣಲಿಲ್ಲ. ತಾವಿರಬೇಕಾದ ಜಾಗದಲ್ಲಿ ತೊಟ್ಟಿಕ್ಕುವ ಗೋಣಿಚೀಲವೊಂದು ಕಂಡಿತು. ಎತ್ತಿದರೆ ಒಳಗೆ ತಾವು. ನಾನು ಬಾಯಿ ತೆರೆಯುವ ಮೊದಲೇ ಚೊಂಬು ಹಿಡಿದು ಬಂದ ಮಾವ, "ಹೊಸದಾಗಿ ಹಾಕಿದ ಮೇಲೆ ಇಪ್ಪತ್ತೊಂದು ದಿನ ಬೆಳಿಗ್ಗೆ ಸಂಜೆ ನೀರು ಹೊಡೀಬೇಕು ಅಳಿಯಂದಿರೇ. ನೀವು ಹೊಡೆದಿಲ್ಲ, ಅದಕ್ಕೇ ಬಿರುಕು ಬಿಟ್ಟಿತ್ತು. ಇನ್ನು ಬಿಡಲ್ಲ ಬಿಡಿ" ಎಂದು ನನ್ನನ್ನು ಸಮಾಧಾನ ಮಾಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಎರಡೂ ಪಾತ್ರಗಳನ್ನು ಒಂದೇ ಕುಟುಂಬ ವಹಿಸಿದ್ದು ಇದೇ ಮೊದಲಿರಬೇಕು.

ಹೆಂಡತಿ ಬಂದು ಮುಳ್ಳಿನ ಸಂದಿಯಲ್ಲಿ ಬೆರಳಿಟ್ಟು ಒತ್ತಿ, "ರೀ, ಬುಡ ಮೆತ್ತಗಿದೆ" ಎಂದಳು. ಅಕ್ಕ ಬಂದು ತಮ್ಮನ್ನು ವಾಪಸು ಒಯ್ಯಲು ಇನ್ನು ಒಂಬತ್ತು ದಿನವಿತ್ತು. ಅಂದು ಮಾವ ಊಟಕ್ಕೆ ಏಳಲಿಲ್ಲ. ನಲವತ್ತು ವರ್ಷ ಯಾವ ನೀರು ಕಟ್ಟಡಗಳನ್ನು ಉಳಿಸಿತೋ ಅದೇ ನೀರು ತಮ್ಮನ್ನು ಕೊಳೆಸಿತೆಂಬ ಸಂಗತಿ ಅವರ ಗಂಟಲಲ್ಲಿ ಇಳಿಯಲಿಲ್ಲ.

ಮಾನ್ಯರೇ, ಇಲ್ಲಿಂದ ಮುಂದಿನದನ್ನು ನಾನು ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಅಕ್ಕನ ಮುಖ ಎದುರಿಸುವ ಧೈರ್ಯ ಸಾಲದೆ, ಅದೇ ನರ್ಸರಿಗೆ ಹೋಗಿ, ತಮ್ಮದೇ ಗಾತ್ರದ, ತಮ್ಮದೇ ಬಣ್ಣದ ಇನ್ನೊಬ್ಬರನ್ನು ಕೊಂಡು ತಂದೆ. ಅವರ ನೆತ್ತಿಯ ಮೇಲೆ ಕೆಂಪು ಹೂವೊಂದು ಅರಳಿತ್ತು. ಹನ್ನೊಂದು ವರ್ಷದಲ್ಲಿ ತಾವು ಅಕ್ಕನಿಗೆ ಕೊಡದ ಹೂವನ್ನು ನಾನು ಎರಡೇ ವರ್ಷದಲ್ಲಿ ಕೊಡಿಸಿದೆನೆಂದು ಹೇಳಿಕೊಳ್ಳುವ ಆಸೆಯೂ ಒಳಗೊಳಗೇ ಮೊಗ್ಗಾಗಿತ್ತು. ಅವರನ್ನು ತಮ್ಮ ಸ್ಥಾನದಲ್ಲಿ ಕೂರಿಸಿ, ತಮ್ಮನ್ನು ಪೊರಕೆಯ ಹಿಂದೆ ಇರಿಸಿದೆ.

ಅಕ್ಕ ಬಂದಳು. ಕುಂಡವನ್ನು ಬೆಳಕಿಗೆ ಹಿಡಿದಳು. ಹೂವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದಳು. ಅದು ಒಣಹೂವಾಗಿದ್ದು, ಬುಡಕ್ಕೆ ಮೆತ್ತಿದ್ದ ಗಟ್ಟಿ ಗೋಂದಿನ ಸಮೇತ ಕೈಗೆ ಬಂತು. "ಇದೇನು ಗೊಬ್ಬರ ಹಾಕಿದ್ದೀಯೋ?" ಎಂದಷ್ಟೇ ಕೇಳಿದಳು. ನರ್ಸರಿಯವರು ಹೂವಿಲ್ಲದ ಕಳ್ಳಿಗೆ ಹೂ ಅಂಟಿಸಿ ಮಾರುತ್ತಾರೆಂಬ ಜ್ಞಾನ ನನಗೆ ಆ ಕ್ಷಣದಲ್ಲಿ ಲಭಿಸಿತು. ನಾನು ಉತ್ತರವಾಗಿ "ಪರಿಶೀಲಿಸಲಾಗುತ್ತಿದೆ" ಎಂಬ ಮುಖ ಮಾಡಿಕೊಂಡು ನಿಂತಿರುವಾಗ, ಮಾವನವರು ಪೊರಕೆ ಸರಿಸಿ, ತಮ್ಮನ್ನು ಎರಡೂ ಕೈಯಲ್ಲಿ ಎತ್ತಿ ತಂದು, "ನಿಮ್ಮ ಗಿಡ ಇದು ತಾಯಿ. ಹಾಳು ಮಾಡಿದ್ದು ನಾನು, ಅಳಿಯಂದಿರಲ್ಲ. ಗೋಡೆ ಅಂದ್ಕೊಂಡು ನೀರು ಹೊಡೆದುಬಿಟ್ಟೆ" ಎಂದು ಅವಳ ಮುಂದೆ ಇಟ್ಟರು.

ಅಕ್ಕ ನನ್ನತ್ತ ನೋಡಲಿಲ್ಲ, ಅದು ಬೈದದ್ದಕ್ಕಿಂತ ಹೆಚ್ಚಾಯಿತು. ಅಡುಗೆಮನೆಯ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತಮ್ಮ ಬುಡವನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತ, ಕಂದು ಮುಗಿದು ಎಳೆಹಸಿರು ಕಾಣುವ ತನಕ ಕೊಯ್ದು, ಉಳಿದ ಅರ್ಧ ಕಿತ್ತಳೆಯನ್ನು ಒಂದು ಖಾಲಿ ಲೋಟದ ಬಾಯ ಮೇಲೆ ಕೂರಿಸಿ, "ಮಣ್ಣಿಲ್ಲ, ನೀರಿಲ್ಲ. ಬೇರು ಬಂದ್ರೆ ಬಂತು" ಎಂದು ಹೋದಳು.

ಈಗ ನನ್ನ ಮೂಲ ದೂರಿಗೆ ಬರುತ್ತೇನೆ. ಅಕ್ಕನ ಹರಳಿನಲ್ಲಿ ತಾವು ಆಮೆಯಾದಿರಿ, ನನ್ನ ಗೊಬ್ಬರದಲ್ಲಿ ಬಿರಿದಿರಿ, ಮಾವನ ಮಿಶ್ರಣದಲ್ಲಿ ಕೊಳೆತಿರಿ. ಏನೂ ಇಲ್ಲದ ಲೋಟದ ಮೇಲೆ, ಗಾಳಿಯನ್ನೇ ಮಣ್ಣೆಂದು ಬಗೆದು, ಆರನೆಯ ವಾರಕ್ಕೆ ಐದು ಬಿಳಿ ಬೇರು ಬಿಟ್ಟಿರಿ. ಇದು ಉಪಕಾರ ಸ್ಮರಣೆಯೇ? ಮಾವನವರಂತೂ ದಿನಾ ಬೆಳಿಗ್ಗೆ ಚೊಂಬನ್ನು ಬೇಕೆಂದೇ ಒಳಗೆ ಬಿಟ್ಟು ಬಂದು, ಕೈ ಹಿಂದೆ ಕಟ್ಟಿಕೊಂಡು ತಮ್ಮ ಮುಂದೆ ನಿಲ್ಲುತ್ತಿದ್ದರು. ಬೇರು ಕಂಡ ದಿನ ಎರಡು ಸಲ ಬಡಿಸಿಕೊಂಡು ಉಂಡರು. ಅಕ್ಕ ಹೊಸ ಕುಂಡ ಹಿಡಿದು ಬಂದಳು. ಮಾವನವರ ಮಿಶ್ರಣದಲ್ಲಿ ಉಳಿದಿದ್ದುದನ್ನು ಅಂಗೈಗೆ ಹಾಕಿಕೊಂಡು ಉದುರಿಸಿ, "ನನ್ನ ಮಣ್ಣಿಗಿಂತ ಚೆನ್ನಾಗಿದೆ" ಎಂದು ಅದರಲ್ಲೇ ನೆಟ್ಟು, ಒಯ್ಯಲೆಂದು ಎತ್ತಿದವಳು ಮತ್ತೆ ಕೆಳಗಿಟ್ಟು, "ಇನ್ನೊಂದು ವರ್ಷ ನಿಮ್ಮ ಹತ್ರಾನೇ ಇರ್ಲಿ ಮಾವ. ನನ್ನ ತಮ್ಮ ಮುಟ್ಟದ ಹಾಗೆ ನೋಡ್ಕೊಳ್ಳಿ" ಎಂದಳು. ಮುಳುಗಿಸಿದವರಿಗೆ ಪಟ್ಟ, ಮುಚ್ಚಿಟ್ಟವನಿಗೆ ಬಾಲ್ಕನಿಯ ಹೊಸ್ತಿಲು. ನ್ಯಾಯವೇನೋ ನ್ಯಾಯವೇ, ನನಗೆ ಹಿಡಿಸಲಿಲ್ಲ, ಅಷ್ಟೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳು. ಅಕ್ಕ ಬಂದಾಗ ತಾವು ಒಂಚೂರು ನನ್ನ ಕಡೆಗೆ ವಾಲಬೇಕು. ವರ್ಷಕ್ಕೆ ಮೂರು ಮಿಲಿಮೀಟರು ಬೆಳೆಯುವುದನ್ನು ಒಂದೇ ಸಂಜೆ, ನಾನು ನೋಡುತ್ತಿರುವಾಗ, ಬೆಳೆದು ತೋರಿಸಬೇಕು. ಸಾಧ್ಯವಾದರೆ ಗೋಂದಿಲ್ಲದ ಒಂದು ಹೂವು. ಅದೂ ಆಗದಿದ್ದರೆ ಬದುಕಿರಬೇಕು. ಅಕ್ಕನಿಗೆ ತಮ್ಮನಾಗಿ ನನಗೆ ಇನ್ನೊಂದು ಅವಕಾಶ ಸಿಗುವುದು ತಾವು ಬದುಕಿದ್ದರೆ ಮಾತ್ರ.

ಇತಿ, ಮುಟ್ಟಲು ಅನುಮತಿಯಿಲ್ಲದ,
ತಮ್ಮ ವಿಶ್ವಾಸಿ,
ಅಕ್ಕನ ತಮ್ಮ, ಮಾವನ ಅಳಿಯ

ತಾ.ಕ.: ಈ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ಪ್ರಾಸಗಳನ್ನು ಮೆಚ್ಚಿಯಾಳೆಂದು ಕಾದೆ. ಅವಳು ಗಡಿಯಾರ ನೋಡಿ, "ಎರಡೂವರೆ ಗಂಟೆ ಬರೆದಿದ್ದೀರಿ. ಎರಡೂವರೆ ಗಂಟೆ ಆ ಗಿಡದ ತಂಟೆಗೆ ಹೋಗಿಲ್ಲ. ದಿನಾ ಒಂದೊಂದು ಬರೀರಿ" ಎಂದಳು. ಆದ್ದರಿಂದ ನಾಳೆಯೂ ತಮಗೊಂದು ದೂರು ಬರುತ್ತದೆ. ನಮ್ಮ ಕಚೇರಿಯ ಪದ್ಧತಿಯಂತೆ ಉತ್ತರಿಸುವ ತೊಂದರೆ ತೆಗೆದುಕೊಳ್ಳಬಾರದೆಂದು ವಿನಂತಿ.