ತೇವ ಕಳೆದ ಮೇಲಿನ ತೂಕ

ನಾನು ಸಂತೇಬೆನ್ನೂರು ಬಿಟ್ಟು ಕದಲುವವನಲ್ಲ. ನನ್ನ ಹೃದಯ ಮಾತ್ರ ದಿನಾ ಬೆಳಗ್ಗೆ ಟಿಕೆಟ್ ಇಲ್ಲದೆ ದಾವಣಗೆರೆಗೆ ಹೋಗಿ ಬರುತ್ತದೆ.

‘ಬಡಿಯುತ್ತದೆ, ಆದರೆ ಮನಸ್ಸಿಟ್ಟು ಬಡಿಯುವುದಿಲ್ಲ’ ಎಂದು ಡಾಕ್ಟರು ಅದರ ಮೇಲೆ ದೂರು ಹೇಳಿದ್ದರು. ಅದು ಸೋಮಾರಿತನ ಮಾಡಿದಾಗ ಮೈಯಲ್ಲಿ ನೀರು ನಿಲ್ಲುತ್ತದಂತೆ, ತೂಕ ಏರುತ್ತದಂತೆ, ಉಸಿರು ಸಿಕ್ಕಿಕೊಳ್ಳುತ್ತದಂತೆ; ಉಪ್ಪು ತಿಂದರೆ ಇನ್ನೂ ಬೇಗನಂತೆ. ಅದಕ್ಕೇ ಒಂದು ತೂಕದ ಯಂತ್ರ ಕೊಟ್ಟು ಕಳಿಸಿದರು. ಬೆಳಗ್ಗೆ ಹತ್ತಿ ನಿಂತು, ಅಂಕಿ ಅಲುಗಾಡದೆ ನಿಂತ ಕೂಡಲೇ ಅದು ಇಂಟರ್ನೆಟ್ಟಿನಲ್ಲಿ ಹಾರಿಹೋಗಿ ದಾವಣಗೆರೆಯ ಆಸ್ಪತ್ರೆಯ ನರ್ಸ್ ಅಂಬಿಕಾ ಅವರ ಮುಂದೆ ಕೂರುತ್ತದೆ. ಒಂದು ಪ್ರತಿ ನನ್ನ ಹೆಂಡತಿ ಸರ್ವಮಂಗಳೆಯ ಮೊಬೈಲಿಗೂ ಹೋಗುತ್ತದೆ.

“ಪದೇ ಪದೇ ಅಡ್ಮಿಟ್ ಮಾಡೋದಕ್ಕಿಂತ ದೂರದಿಂದ ಕಾಯೋದು ಅಗ್ಗ” ಎಂಬ ಡಾಕ್ಟರ ವಾಕ್ಯವನ್ನು ನಾನು, ಮೆಕ್ಕೆಜೋಳದ ವ್ಯಾಪಾರಿಗೆ ಸಹಜವಾದ ಗಾಂಭೀರ್ಯದಿಂದ, ಸಂತೆಯಲ್ಲೆಲ್ಲ ಸಾರಿದೆ.

“ದೂರದಿಂದ ಕಾಯೋದು ಅಗ್ಗ, ಸರಿ. ಹತ್ರ ಕೂತು ಕಾದೋಳ ಲೆಕ್ಕ ಯಾರು ಹಿಡಿದಾರ್ರೀ?” ಅಂದಳು ಸರ್ವಮಂಗಳೆ.

(ಡಾಕ್ಟರನ್ನು ಕೇಳಬೇಕೆಂದಿದ್ದೆ. ಮರೆತೆ.)

ಅವಳ ಮಾತಿನಲ್ಲಿ ಹುರುಳಿತ್ತು. ನನ್ನ ಎದೆಗೆ ಕಾವಲಿದ್ದು ಅವಳು ತವರು ಕಂಡು ವರ್ಷವಾಗಿತ್ತು. ಈಗ ಆ ತವರೂರು ಬಿಳಿಚೋಡಿನಲ್ಲಿ ಅವಳ ತಮ್ಮ ಗುರುಬಸವರಾಜನ ಗೃಹಪ್ರವೇಶ ಬೇರೆ.

“ಯಂತ್ರ ಐತಲ್ಲ, ಹೋಗು. ವಾರ ಇದ್ದು ಬಾ” ಎಂದೆ, ದಾನಶೂರನ ಹಾಗೆ.

“ಉಪ್ಪು ಮುಟ್ಟಲ್ಲ ಅಂತ ಲಿಂಗ ಮುಟ್ಟಿ ಹೇಳ್ರಿ.”

“ಉಪ್ಪಿನ ಡಬ್ಬಿ ಮುಟ್ಟಲ್ಲ.”

ಮುಟ್ಟಲೂ ಇಲ್ಲ. ದುರುಗಪ್ಪನ ಅಂಗಡಿಯ ಮಂಡಕ್ಕಿಗೆ, ಮಿರ್ಚಿಗೆ ಉಪ್ಪು ಹಾಕಿದವನು ದುರುಗಪ್ಪ.

ಅವಳು ಬಸ್ಸು ಹತ್ತಿದ ಮಧ್ಯಾಹ್ನ ಅವೆರಡನ್ನೂ ಮುಗಿಸಿ ಮೂರು ದಿಂಬಿಗೆ ಒರಗಿ ಕಣ್ಣು ಮುಚ್ಚಿದೆ. ಕನಸಿನಲ್ಲಿ ನಮ್ಮೂರ ಪುಷ್ಕರಣಿ ಬಂತು. ನೀರ ನಡುವಿನ ಮಂಟಪದಲ್ಲಿ ನಾನೊಬ್ಬನೇ, ಕೈಯಲ್ಲಿ ಮಿರ್ಚಿ. ಗಾಳಿಯಿಲ್ಲ, ಸದ್ದಿಲ್ಲ. ನೀರು ಒಂದೊಂದೇ ಮೆಟ್ಟಿಲು ನುಂಗುತ್ತ ಮೇಲೆ ಬರುತ್ತಿತ್ತು, ಉಳಿದುಕೊಳ್ಳಲು ಬಂದ ನೆಂಟರ ಹಾಗೆ, ಅವಸರವಿಲ್ಲದೆ. ಎಲ್ಲೋ ಯಾರೋ ಬಟ್ಟೆ ಒಗೆಯುತ್ತಿದ್ದರು: ಲಬ್... ಡಬ್... ಎಷ್ಟು ಹಿತವಾಗಿತ್ತೆಂದರೆ ಏಳುವ ಮನಸ್ಸೇ ಆಗಲಿಲ್ಲ. ಎದ್ದಾಗ ಚಪ್ಪಲಿ ಕಾಲಿಗೆ ಹಿಡಿಸಲಿಲ್ಲ.

ಮರುಬೆಳಗ್ಗೆ ಯಂತ್ರ ಹತ್ತಿದರೆ ಅಂಕಿ ನಿನ್ನೆಯ ಗಡಿ ದಾಟಿ ಓಡುತ್ತಿದೆ! ಅದು ನಿಂತರೆ ಅಂಬಿಕಾ ಫೋನ್ ಮಾಡುತ್ತಾರೆ, ಸರ್ವಮಂಗಳೆ ಓಡಿ ಬರುತ್ತಾಳೆ, ಪಾಪ, ಗೃಹಪ್ರವೇಶ ತಪ್ಪುತ್ತದೆ. (ಮಿರ್ಚಿಯೂ ತಪ್ಪುತ್ತದೆ ಎಂಬುದು ಗೌಣ.) ಹಸಿ ಜೋಳ ತಂದ ರೈತರಿಗೆ “ಎರಡು ಬಿಸಿಲು ಹರವಿಕೊಂಡು ಬರ್ರಿ” ಎನ್ನುವುದು, ಒಣಗಿಸಿ ತಾರದಿದ್ದರೆ ತೇವದ ಪಾಲು ಕಳೆದು ತೂಕ ಹಿಡಿಯುವುದು ನಮ್ಮ ಕಸುಬಿನ ಧರ್ಮ. ನನ್ನಲ್ಲಿ ಹೆಚ್ಚಾಗಿದ್ದೂ ಬರೀ ನೀರು ತಾನೆ? ಪಕ್ಕದ ಕಿಟಕಿಯ ಸರಳು ಹಿಡಿದು ಮೈಯನ್ನು ಹೂವಿನಂತೆ ಮೇಲಕ್ಕೆಳೆದುಕೊಂಡೆ. ಅಂಕಿ ಇಳಿದು ಇಳಿದು, ನಿನ್ನೆಯ ತೂಕಕ್ಕೇ ಬಂದು ನಿಂತಿತು. ಮರುದಿನವೂ ಅಷ್ಟೇ. ಅದರ ಮರುದಿನವೂ ಅಷ್ಟೇ, ಒಂದು ಗ್ರಾಂ ಆಚೆಯಿಲ್ಲ, ಈಚೆಯಿಲ್ಲ. ಕೈಗುಣ ಎಂದರೆ ಇದು!

“ಸರ್, ತೂಕ ಭಾರಿ ಚೆನ್ನಾಗಿ ಕಾಪಾಡ್ಕೊಂಡೀರಿ!” ಎಂದು ಅಂಬಿಕಾ ಫೋನಿನಲ್ಲೇ ಬೆನ್ನು ತಟ್ಟಿದರು. ನಾನು ಇನ್ನಷ್ಟು ಉಬ್ಬಿದೆ. (ಕಾಲಂತೂ ಮೊದಲೇ ಉಬ್ಬಿತ್ತು.)

ಗೃಹಪ್ರವೇಶದ ಹಿಂದಿನ ದಿನ ಬಾಗಿಲ ಮುಂದೆ ಬಾಡಿಗೆ ಕ್ರೂಸರ್ ನಿಂತಿತು. ಇಳಿದವರು ಸರ್ವಮಂಗಳೆ ಮತ್ತು ಗುರುಬಸವರಾಜ.

“ಇದೇನು... ನಾಳೆ... ಗೃಹಪ್ರವೇಶ... ಅಲ್ವೇನೇ?” ಎಂದೆ. ಅಷ್ಟು ಹೇಳುವುದರಲ್ಲಿ ಏದುಸಿರು.

“ಕಿಟಕಿ ಬಿಟ್ಟು ಈಚೆ ಬರ್ರಿ.”

“ಕಿಟಕಿ ಹಿಡಿದಿಲ್ಲವಲ್ಲ!”

“ದಿನಾ ಹಿಡೀತೀರಲ್ಲ! ಯಂತ್ರದ ಪಕ್ಕ ಕೈಗೆ ಸಿಗೋದು ಅದೊಂದೇ. ಜೋಳದ ಚೀಲಾನೂ ಬೆಳಗಾಗೋದ್ರಾಗೆ ಇಷ್ಟು ಹೆಚ್ಚು ಕಮ್ಮಿ ಆಗ್ತೈತೆ. ನಿಮ್ಮ ತೂಕ ಮಾತ್ರ ತೂಕದ ಕಲ್ಲಿನಂಗೆ ನಿಂತೈತೆ. ಉಸಿರಾಡೋ ಮನುಷ್ಯಂದು ಹಂಗಿರ್ತೈತೇನ್ರಿ? ನರ್ಸಮ್ಮ ನಂಬಿದ್ಲು, ಅವಳೇನು ನಿಮ್ಮ ಜತೆ ಸಂಸಾರ ಮಾಡ್ಯಾಳಾ?”

“ಭಾವಾ, ನಮ್ಮಪ್ಪನ ಜೋಳಕ್ಕೂ ಹಿಂಗೇ ತೂಕ ಹಿಡೀತಿದ್ರೇನು?” ಎಂದ ಗುರುಬಸವರಾಜ. ನಾನು ಕೇಳಿಸಿಕೊಳ್ಳಲಿಲ್ಲ.

ಗೋಡೆ, ಕಿಟಕಿ ಯಾವುದೂ ಕೈಗೆಟುಕದಂತೆ ಅಂಗಳದ ನಡುವೆ ಯಂತ್ರ ಇಟ್ಟರು. ಎರಡೂ ಕೈ ಮೇಲೆತ್ತಿ ನಿಂತೆ. ಅಂಕಿ ಓಡಿತು, ನಿಂತಿತು, ಹಾರಿತು. ಫೋನ್ ಬಂದೇ ಬಂತು.

“ಅಯ್ಯೋ ಸರ್, ಇವತ್ತಾದ್ರೂ ಗೊತ್ತಾತಲ್ಲ! ಡಾಕ್ಟರು ನೀರು ಇಳಿಸೋ ಮಾತ್ರೆ ಜಾಸ್ತಿ ಮಾಡಾಕೆ ಹೇಳ್ಯಾರೆ. ಇನ್ನೊಂದಿನ ಬಿಟ್ಟಿದ್ರೆ ಅಡ್ಮಿಟ್ಟೇ!”

ಅಂತೂ ಆಸ್ಪತ್ರೆಯ ಖರ್ಚು ಉಳಿಯಿತು. (ಕ್ರೂಸರ್ ಬಾಡಿಗೆ ದೂರದ ಕಾವಲಿಗೆ ಸೇರುತ್ತದೋ ಹತ್ತಿರದ್ದಕ್ಕೋ, ಬಲ್ಲವರು ಹೇಳಬೇಕು.)

“ಅಕ್ಕಾ, ತೇವ ಭಾಳ ಐತೆ. ನಮ್ಮೂರಿಗೆ ಒಯ್ದು ಎರಡು ಬಿಸಿಲು ಹರವಾಣ” ಎಂದ ಗುರುಬಸವರಾಜ.

ಮರುದಿನ ಬಿಳಿಚೋಡಿನ ಹೊಸಮನೆಯಲ್ಲಿ ಹೋಳಿಗೆಯ ಪಂಕ್ತಿ ಕೂತಿತ್ತು. ನಾನು ಉಪ್ಪಿಲ್ಲದ ಸಾರು ಕುಡಿದು ಜಗಲಿಯ ಬಿಸಿಲಲ್ಲಿ ಕಾಲು ಚಾಚಿದ್ದೆ. ಕಣ್ಣು ಮುಚ್ಚಿದರೆ ಅದೇ ಪುಷ್ಕರಣಿ. ಮುಳುಗಿದ್ದ ಮೆಟ್ಟಿಲುಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು. ಬಟ್ಟೆ ಒಗೆಯುವವರು ಈಗ ಮನಸ್ಸಿಟ್ಟು ಒಗೆಯುತ್ತಿದ್ದರು. ಆಹಾ, ಎಂಥ ಶಾಂತಿ!

ಭುಜ ಅಲುಗಿತು. ಹೋಳಿಗೆಯ ತುಪ್ಪ ಮೆತ್ತಿದ ಕೈಯಲ್ಲಿ ಸರ್ವಮಂಗಳೆ ನಿಂತಿದ್ದಳು.

“ಈ ಕಡೆ ಮಗ್ಗುಲಾಗ್ರಿ. ಒಂದೇ ಕಡೆ ಒಣಗಿದ್ರೆ ತೂಕಕ್ಕೆ ಬರಲ್ಲ.”