ಹವಾಲ್ದಾರರಿಗೆ ಹೇಳದ ಸಂಗತಿಗಳು

ಗಂಡ ಊರಲ್ಲಿರುವಷ್ಟು ದಿನ ಮನೆಯಲ್ಲಿ ಒಂದು ನಲ್ಲಿಯೂ ಸೋರುವುದಿಲ್ಲ. ಅವರು ಬಸ್ಸು ಹತ್ತಿದ ಮರುದಿನದಿಂದ ಒಂದೊಂದೇ ಶುರುವಾಗುತ್ತದೆ. ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿದರೆ ಮಿಲಿಟರಿಯವರ ಹೆಂಡತಿಯರನ್ನು ಯಾರನ್ನಾದರೂ ಕೇಳಿ ನೋಡಿ.

ನಮ್ಮವರು ಹವಾಲ್ದಾರರು. ಆಫ್ರಿಕಾದ ಒಂದು ದೇಶದಲ್ಲಿ ಶಾಂತಿ ಕಾಯುವ ಕೆಲಸಕ್ಕೆ ಒಂದು ವರ್ಷದ ಮಟ್ಟಿಗೆ ಹೋದರು. ಕೊಟ್ಟೂರಿನ ನಮ್ಮ ಮನೆಯಲ್ಲಿ ಅವ್ವನಿಗೂ ಹೆಂಡತಿಗೂ ನಡುವೆ ಒಂದು ದಿನ ಶಾಂತಿ ಕಾಯಲಾಗದ ಮನುಷ್ಯನನ್ನು ಅಷ್ಟು ದೂರ ಯಾಕೆ ಕಳಿಸಿದರೋ ಅಂತ ನನಗೆ ಇವತ್ತಿಗೂ ಸೋಜಿಗ.

ಕರಾರು

ಹೊರಡುವ ದಿನ ಅವರು ಟ್ರಂಕಿನ ಮೇಲೆ ಕೂತು ಅಪ್ಪಣೆ ಕೊಡಿಸಿದರು. "ನಿಮ್ಮಿಬ್ರ ಕೈಲಿ ಮನಿ ಸಂಭಾಳ್ಸಾಕ ಆಗಲ್ಲ. ಏನರ ಒಂದು ಹೆಚ್ಚುಕಮ್ಮಿ ಆತು ಅಂತ ನನ್ನ ಕಿವಿಗೆ ಬಿದ್ರ ಮನಿಗೆ ಕೀಲಿ ಹಾಕಿ ಇಬ್ರೂ ಇಟ್ಟಿಗಿಗೆ ಹೋಗ್ಬೇಕು. ನಾನು ಬರೂ ತನಕ ಅಲ್ಲೇ ಇರ್ಬೇಕು."

ಇಟ್ಟಿಗಿ ಅಂದರೆ ನನ್ನ ತವರು. ನನಗೆ ಆಗಬೇಕಾದ್ದೇ ಅಂತ ನೀವು ತಿಳಿದುಕೊಳ್ಳಬಹುದು. ಆದರೆ ನಾನು ಬೀದಿಗೆಲ್ಲ ಬ್ಲೌಸು ಹೊಲಿಯುವವಳು. ವರ್ಷಗಟ್ಟಲೆ ಬಾಗಿಲು ಮುಚ್ಚಿದರೆ ಗಿರಾಕಿಗಳು ಅಳತೆಯ ಬ್ಲೌಸು ಹಿಡಿದುಕೊಂಡು ಬೇರೆ ಬಾಗಿಲಿಗೆ ಹೋಗುತ್ತಾರೆ. ಹೋದವರು ಮತ್ತೆ ಬರುವುದಿಲ್ಲ.

ಅತ್ತೆಯ ಸಂಕಟ ನನ್ನದಕ್ಕಿಂತ ದೊಡ್ಡದು. ಮಗ ಅತ್ತ ಹೋದದ್ದೇ ನನ್ನ ಕೈ ಹಿಡಿದು ಹೇಳಿದರು: "ಬೀಗರ ಮನಿಯಾಗ ಒಂದು ಹೊತ್ತು ಉಂಡು ಬರಬೇಕು. ಎರಡು ದಿನ ಇದ್ರ ನಾಯಿ ಸುದ್ದಾ ಮೂಸಲ್ಲ. ನಾನು ವರ್ಷಾನುಗಟ್ಲೆ ನಿಮ್ಮವ್ವನ ಕೈ ನೋಡ್ಕೊಂಡು ಕುಂದರ್ಲೇನು? ಏನ ಆಗ್ಲಿ, ಅವಂಗ ಮಾತ್ರ ಹೇಳಬ್ಯಾಡ."

ಮದುವೆಯಾಗಿ ಎಂಟು ವರ್ಷಕ್ಕೆ ಅತ್ತೆ-ಸೊಸೆ ಒಪ್ಪಿದ ಮೊದಲ ಮಾತು ಇದು.

ಕೆಮ್ಮಿಗೆ ಮಾತ್ರ

ಬಾಜೂಮನೆಯಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು. ಬಹಳ ಮರ್ಯಾದಸ್ಥರು. ಒಂದು ದಿನ ಬಂದು ಕೂತು ಅರ್ಧ ತಾಸು ದೇಶಸೇವೆಯ ಬಗ್ಗೆ ಮಾತಾಡಿದರು. ಗಡಿ ಅಂದರು, ತ್ಯಾಗ ಅಂದರು. ನನ್ನ ಕಣ್ಣಲ್ಲಿ ನೀರೇ ಬಂತು. ಎದ್ದು ಚಪ್ಪಲಿ ಮೆಟ್ಟುವಾಗ ದನಿ ಸಣ್ಣದು ಮಾಡಿ ಕೇಳಿದರು: "ಅಲ್ಲವಾ, ಮಿಲಿಟರಿಯವರಿಗೆ ಕೋಟಾದಾಗ ಬಾಟ್ಲಿ ಬರ್ತಾವಂತಲ್ಲ... ನನಗೇನಲ್ಲ, ಕೆಮ್ಮು ಭಾಳ ಐತಿ."

ನಮ್ಮ ಮನೆಗೆ ಆ ಬಾಟ್ಲಿ ಬರುವುದಿಲ್ಲ. ಹಂಗಂತ ಹೇಳಿದರೆ ಯಾರೂ ನಂಬುವುದಿಲ್ಲ. ಮೇಷ್ಟ್ರು ವಾರಕ್ಕೊಮ್ಮೆ ದೇಶಸೇವೆಯ ಮಾತು ತೆಗೆಯತೊಡಗಿದರು. ಕೊನೆಗೆ ಅತ್ತೆಗೆ ಬೇಸರ ಬಂತು. ಶುಂಠಿ, ಮೆಣಸು, ಜೀರಿಗೆ ಕುಟ್ಟಿ ಬೆಲ್ಲ ಹಾಕಿ ಕಪ್ಪಗೆ ಕುದಿಸಿ, ಗುಜರಿಯವನ ಹತ್ತಿರ ಒಂದು ಬಣ್ಣದ ಬಾಟ್ಲಿ ಇಸಿದುಕೊಂಡು ತೊಳೆದು ತುಂಬಿಸಿ ಕೊಟ್ಟರು. "ಹಗೂರಕ ಕುಡೀರಿ ಮೇಷ್ಟ್ರೆ, ಭಾಳ ಕಡಕ್ ಐತಿ."

ನಾಲ್ಕನೇ ದಿನ ಮೇಷ್ಟ್ರು ಖಾಲಿ ಬಾಟ್ಲಿ ಹಿಡಿದು ನಗುತ್ತಾ ಬಂದರು. "ಏನ ಹೇಳ್ರಿ ಅಮ್ಮಾರ, ಮಿಲಿಟರಿ ಮಾಲು ಅಂದ್ರ ಮಾಲು! ಒಂದ ಲೋಟಕ್ಕ ನಿಶಾ ಏರಿತು, ಕೆಮ್ಮೂ ಹೋತು."

ಗೋಡೆ

ಅತ್ತೆ ಒಂದು ಶನಿವಾರ ನೀರಿನ ಮೋಟಾರು ಚಾಲು ಮಾಡಿದರು. ಬಂದ್ ಮಾಡುವುದು ಯಾರು ಅಂತ ನಾವಿಬ್ಬರೂ ಜಗಳಕ್ಕೆ ಬಿದ್ದೆವು. ಜಗಳ ಮುಗಿಯುವುದರೊಳಗೆ ಟ್ಯಾಂಕು ತುಂಬಿ, ಚೆಲ್ಲಿ, ನೀರು ಗೋಡೆಯಲ್ಲಿ ಇಳಿದು, ಪಡಸಾಲೆಯ ಗಿಲಾವು ಒಂದು ಚಾಪೆಯಷ್ಟು ಅಗಲ ಕಿತ್ತು ಬಿತ್ತು. ಗಾರೆಯವನು ಮಂಗಳವಾರ ಬರುತ್ತೇನೆ ಅಂದ. ಭಾನುವಾರ ಬೆಳಿಗ್ಗೆ ಹವಾಲ್ದಾರರ ವಿಡಿಯೋ ಕಾಲ್. ಅವರು ನಮ್ಮ ಮುಖಕ್ಕಿಂತ ಮೊದಲು ಹಿಂದಿನ ಗೋಡೆ ನೋಡುವ ಮನುಷ್ಯ.

ಮೇಷ್ಟ್ರ ಪಡಸಾಲೆಯ ಗೋಡೆಗೂ ಅದೇ ಹಸಿರು ಬಣ್ಣ. ನಮ್ಮ ಗಡಿಯಾರ, ಕ್ಯಾಲೆಂಡರು, ಮಾವನವರ ಫೋಟೋ ಎಲ್ಲ ಹೊತ್ತುಕೊಂಡು ಹೋಗಿ ಅವರ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆವು. ಅದರ ಮುಂದೆ ಕುರ್ಚಿ ಹಾಕಿಕೊಂಡು ಇಬ್ಬರೂ ನಗುತ್ತಾ ಕೂತೆವು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಮೇಷ್ಟ್ರು ಸ್ನಾನ ಮುಗಿಸಿ, ಬನಿಯನ್ನು, ಟವೆಲ್ಲಿನ ಮೇಲೆ, ಮುಖ ಒರೆಸಿಕೊಳ್ಳುತ್ತಾ ನಮ್ಮ ಹಿಂದಿನಿಂದ ಆರಾಮಾಗಿ ಹಾದುಹೋದರು.

"ಯಾರಲೇ ಅದು, ನಮ್ಮ ಮನಿಯಾಗ?"

ಅತ್ತೆಗೆ ತಕ್ಷಣ ಹೊಳೆದದ್ದು: "ನಲ್ಲಿ ರಿಪೇರಿಯವ."

"ನಲ್ಲಿಗೆ ಏನಾಗೈತಿ?"

ಸಿಕ್ಕಿಬಿದ್ದೆವು ಅಂದುಕೊಂಡೆ. ಅತ್ತೆ ಕಣ್ಣು ಮಿಟುಕಿಸಲಿಲ್ಲ. "ಏನೂ ಆಗಿಲ್ಲ. ಏನರ ಆಗೂಕಿಂತ ಮೊದ್ಲ ಕರ್ಸೀವಿ. ನೀನ ಹೇಳಿದ್ದೀಯಲ್ಲ, ಹುಷಾರಾಗಿರ್ರಿ ಅಂತ."

"ಟವೆಲ್ ಮ್ಯಾಲೆ ಬಂದಾನಲ್ಲಬೇ?"

"ನೀರಿನ ಕೆಲಸ ಮಾಡಾವ, ಕೋಟು ಹಾಕ್ಕೊಂಡು ಬರ್ತಾನೇನು?"

ರೊಟ್ಟಿ

ಹರಪನಹಳ್ಳಿ ಕಡೆಯ ಒಬ್ಬ ಯೋಧ ರಜೆ ಮುಗಿಸಿ ನಮ್ಮವರ ಪಡೆಗೇ ಹೊರಟಿದ್ದ. ಅವನ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದೆವು. ಅತ್ತೆ ಅರ್ಧ ಬಡಿದರು, ನಾನು ಅರ್ಧ ಬಡಿದೆ. ಯಾರದು ತೆಳ್ಳಗೆ ಅಂತ ಎರಡು ದಿನ ಮಾತು ಬಿಟ್ಟೆವು.

ತಿಂಗಳಾದ ಮೇಲೆ ಫೋನಿನಲ್ಲಿ ನಮ್ಮವರು ನಕ್ಕು ನಕ್ಕು ಹೇಳಿದ ಸಂಗತಿ. ಬೇರೆ ದೇಶದ ಒಬ್ಬ ಸೈನ್ಯಾಧಿಕಾರಿಯನ್ನು ಊಟಕ್ಕೆ ಕೂರಿಸಿಕೊಂಡು, ಗೌರವದಿಂದ ರೊಟ್ಟಿಯ ಮೇಲೆ ಚಟ್ನಿ, ಮೊಸರು ಹಾಕಿ ಕೊಟ್ಟರಂತೆ. ಆತ ಚಮಚದಲ್ಲಿ ಚಟ್ನಿಯನ್ನೆಲ್ಲ ತಿಂದು, ರುಚಿ ಅಂತ ಹೊಗಳಿ, ಎದ್ದು ಹೋಗಿ ರೊಟ್ಟಿಯನ್ನು ತೊಳೆದು ಮಿಕ್ಕ ತಟ್ಟೆಗಳ ಜೊತೆ ಜೋಡಿಸಿಟ್ಟು ಬಂದನಂತೆ.

ಅತ್ತೆ ನಗಲಿಲ್ಲ. ಗಂಭೀರವಾಗಿ ನನ್ನ ಕಡೆ ತಿರುಗಿದರು. "ತೊಳದ್ರೂ ಕರಗಿಲ್ಲ ಅಂದ ಮ್ಯಾಲೆ ಅದು ನೀ ಬಡ್ದಿದ್ದ."

ಬೈಕು

ನಮ್ಮವರಿಗೆ ಬೈಕು ಅಂದರೆ ಪ್ರಾಣ. ಯಾರೂ ಹತ್ತಕೂಡದು, ಭಾನುವಾರಕ್ಕೊಮ್ಮೆ ಹತ್ತು ನಿಮಿಷ ಚಾಲು ಮಾಡಿ ನಿಲ್ಲಿಸಬೇಕು, ಮೇಲೆ ಹಳೆ ಸೀರೆ ಹೊದಿಸಬೇಕು ಅಂತ ಹೇಳಿ ಹೋಗಿದ್ದರು. ನಾನು ಲೈನಿಂಗ್ ಬಟ್ಟೆ ತರಲು ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವುದನ್ನು ನೋಡಿ ಅತ್ತೆಯೇ ಒಂದು ದಿನ ಅಂದರು: "ಅದೇನು ಪೂಜಿ ಮಾಡಾಕ ಇಟ್ಟಾನೇನು? ಕಲಿ."

ಶಾಲೆಯ ಮೈದಾನದಲ್ಲಿ ಮೇಷ್ಟ್ರು ಕಲಿಸಿದರು. ಅವರಿಗೆ ಬೈಕು ಓಡಿಸಲು ಬರುವುದಿಲ್ಲ. ಪಾಠ ಹೇಳಲು ಬರುತ್ತದೆ.

ಎರಡು ವಾರಕ್ಕೆ ನಾನು ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಊರಲ್ಲಿ ಹೊರಟೆ. ಮಂಡಕ್ಕಿ ಭಟ್ಟಿಯ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ನಾನು ಎಡಕ್ಕೆ ಎಳೆದೆ. ಬೈಕು ಹೋಗಿ ಭಟ್ಟಿಯ ಮುಂದೆ ಪೇರಿಸಿಟ್ಟಿದ್ದ ಚೀಲಗಳೊಳಗೆ ನುಗ್ಗಿತು. ಎರಡು ಚೀಲ ಒಡೆದು ನಾವಿಬ್ಬರೂ ಕುತ್ತಿಗೆಯ ತನಕ ಮಂಡಕ್ಕಿಯಲ್ಲಿ ಮುಳುಗಿದೆವು. ಮಂದಿ ಓಡಿ ಬಂದರು. ನಾನು ಹೆದರಿ "ಅತ್ತೀ, ಅತ್ತೀ" ಅಂತ ಕೂಗಿದೆ. ಅತ್ತೆ ರಾಶಿಯಿಂದ ಎದ್ದು ಕೂತು, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದು, "ಒಗ್ಗರಣಿ ಇಲ್ದ ಸಪ್ಪಗೈತಿ" ಅಂದರು.

ನಮಗೆ ಏನೂ ಆಗಲಿಲ್ಲ. ಬೈಕಿನ ಕನ್ನಡಿ, ಲೈಟು ಒಡೆದು ಗ್ಯಾರೇಜಿಗೆ ಹೋಯಿತು. ಭಾನುವಾರ "ಬೈಕ್ ತೋರ್ಸು" ಅಂದರೆ? ಅಂಗಳದಲ್ಲಿ ಬೈಕು ನಿಲ್ಲುವ ಜಾಗಕ್ಕೆ ಒಂದು ಕುರ್ಚಿ ಇಟ್ಟು, ಅದರ ಹಿಂದೊಂದು ಮುಂದೊಂದು ಜೋಳದ ಚೀಲ ನಿಲ್ಲಿಸಿ, ಮೇಲೆ ಆ ಹಳೆ ಸೀರೆ ಹೊದಿಸಿದೆವು. ದೂರದಿಂದ ಬೈಕೇ. ಚಾಲು ಮಾಡಿ ಸದ್ದು ಕೇಳಿಸಿ ಅಂತ ಅವರು ಹಟ ಹಿಡಿದರು. ಅತ್ತೆ ಗದರಿದರು: "ಈಗರ ಬಂದ್ ಮಾಡೀವಿ. ಇನ್ನೂ ಬಿಸಿ ಐತಿ. ಮತ್ತ ಮತ್ತ ಚಾಲು ಮಾಡಿದ್ರ ಪೆಟ್ರೋಲ್ ನೀ ಕಳಸ್ತೀಯೇನು?"

ಅಲ್ಲಿಂದಾಚೆಗೆ ಬೈಕು ರಿಪೇರಿಯಾಗಿ ಬಂದರೂ, ನಾನು ಅದನ್ನು ಹೊರಗೆ ತೆಗೆದಾಗೆಲ್ಲ ಕುರ್ಚಿಯೂ ಚೀಲಗಳೂ ಸೀರೆ ಹೊದ್ದು ಡ್ಯೂಟಿಗೆ ನಿಲ್ಲುತ್ತಿದ್ದವು. ಕಾಲ್ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ.

ರುಚಿ

ಬೈಕು ಕೈಗೆ ಬಂದ ಮೇಲೆ ಇಟ್ಟಿಗಿ ಹತ್ತಿರವಾಯಿತು. ಅವ್ವ ಶೇಂಗಾ ಹೋಳಿಗೆ ಮಾಡುತ್ತೇನೆ ಬಾ ಅಂದಳು. ಅತ್ತೆ ಒಬ್ಬರೇ ಮನೆಯಲ್ಲಿರಲು ಒಪ್ಪದೆ ಹಿಂದೆ ಹತ್ತಿದರು. ಸೆರಗಿನಲ್ಲಿ ತಮ್ಮ ರೊಟ್ಟಿಯ ಗಂಟು. "ನಾನು ಬೀಗರ ಮನಿಯಾಗ ಉಣ್ಣಲ್ಲ. ಕಟ್ಟಿ ಮ್ಯಾಲೆ ಕುಂತು ನಂದು ನಾ ತಿಂತೀನಿ."

ಅವ್ವ ಒಂದು ಹೋಳಿಗೆ ಮೇಲೆ ತುಪ್ಪ ಸುರಿದು ತಂದು ಬರೀ ರುಚಿ ನೋಡ್ರಿ ಅಂದಳು. ರುಚಿ ನೋಡುವುದು ಊಟದ ಲೆಕ್ಕಕ್ಕೆ ಬರುವುದಿಲ್ಲ ಅಂತ ಅತ್ತೆ ಒಪ್ಪಿದರು. ಐದು ಹೋಳಿಗೆಯ ರುಚಿ ನೋಡಿದರು.

ಹತ್ತು ದಿನ ಕಳೆದಿರಲಿಲ್ಲ, ನಾನು ಮಷೀನಿನ ಮುಂದೆ ಕೂತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ನಿಮ್ಮವ್ವಗ ಮೊನ್ನೆ ಮೊಣಕಾಲು ನೋವಿತ್ತಲ್ಲ, ಹೆಂಗದಾಳ ಪಾಪ? ನೋಡ್ಕೊಂಡು ಬರೂಣೇನು?"

ಅವ್ವನಿಗೆ ಮೊಣಕಾಲು ನೋವೇ ಇರಲಿಲ್ಲ.

ಫೋನು

ಎಂಟನೇ ತಿಂಗಳು, ಒಂದು ಗುರುವಾರ ಮಧ್ಯಾಹ್ನ. ನಾವು ಇಟ್ಟಿಗಿಯಲ್ಲಿದ್ದೆವು. ನಾನು ಅವ್ವನ ಜೊತೆ ಮಲ್ಲಿಗೆ ಕಟ್ಟುತ್ತಿದ್ದೆ. ಅತ್ತೆ ರುಚಿ ನೋಡುತ್ತಿದ್ದರು. ಫೋನು ಬಂತು. ನೆಟ್‌ವರ್ಕ್ ಸರಿ ಇಲ್ಲ, ಮುಖ ಕಾಣುವುದಿಲ್ಲ ಅಂದರು ನಮ್ಮವರು. ಒಳ್ಳೆಯದೇ ಆಯಿತು ಅಂತ ಅತ್ತೆ ಫೋನು ಕಸಿದುಕೊಂಡರು.

"ಎಲ್ಲದೀರಿಬೇ?"

"ಎಲ್ಲಿರ್ತೀವಿ, ಮನಿಯಾಗ."

"ಏನ್ ಮಾಡಾಕತ್ತೀರಿ?"

"ನಾನು ರೊಟ್ಟಿ ಬಡಿಯಾಕತ್ತೀನಿ. ನಿನ್ನ ಹೆಂಡ್ತಿ ಮಷೀನ್ ಮುಂದ ಅದಾಳ. ಆಕಿಗೆ ತಲಿ ಎತ್ತಾಕ ಪುರಸೊತ್ತಿಲ್ಲ." ನನಗೆ ಕಣ್ಣು ಮಾಡಿದರು. ನಾನು ಫೋನಿನ ಹತ್ತಿರ ಬಂದು ಬಾಯಲ್ಲೇ ಟರ್ರ್ ಟರ್ರ್ ಅಂತ ಹೊಲಿದೆ.

"ಬೈಕು?"

"ಸೀರಿ ಹೊತ್ಕೊಂಡು ನಿಂತೈತಿ."

"ನಿಂತೈತಿ, ಖರೆ. ಈಗ ಸೀರಿ ತೆಗದೀನಿ. ಒಳಗ ಒಂದು ಕುರ್ಚಿ, ಎರಡು ಚೀಲ ಜ್ವಾಳ ಅದಾವ."

ಅತ್ತೆಯ ಕೈಯಿಂದ ಹೋಳಿಗೆ ಬಿತ್ತು. ರಜೆ ಸಿಕ್ಕಿ, ನಮಗೆ ಹೇಳದೆ ಬಂದು ಬೆರಗುಗೊಳಿಸಬೇಕು ಅಂತ ಮನುಷ್ಯ ಕೊಟ್ಟೂರಿನಲ್ಲಿ ನಮ್ಮ ಬಾಗಿಲ ಮುಂದೆ ನಿಂತಿದ್ದರು. ಅಷ್ಟರಲ್ಲಿ ಫೋನಿನಲ್ಲಿ ಮೇಷ್ಟ್ರ ದನಿ ಕೇಳಿತು. ಯಾರು ಬಂದು ಕೇಳಿದರೂ ಹೀಗೇ ಹೇಳಿ ಅಂತ ಅತ್ತೆ ಅವರಿಗೆ ಪಾಠ ಮಾಡಿಸಿದ್ದರು.

"ಹವಾಲ್ದಾರ್ರ, ಇಬ್ರೂ ಮನಿಯಾಗ ಅದಾರ್ರಿ!"

"ಮೇಷ್ಟ್ರೆ, ಬಾಗಲಿಗೆ ಕೀಲಿ ಐತಲ್ರಿ."

"ಇರ್ಲಿ ಬಿಡ್ರಿ. ಒಳಗ ಅದಾರ್ರಿ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎಂಟು ತಿಂಗಳು ದಿನಾ ಎಣಿಸಿದ್ದೆ. ಅವರು ನನ್ನ ಹೊಸ್ತಿಲಿಗೆ ಬಂದು ನಿಂತಾಗ ನಾನೇ ಅಲ್ಲಿಲ್ಲ. ಮಲ್ಲಿಗೆ ಅಲ್ಲೇ ಚೆಲ್ಲಿ ಎದ್ದು ನಿಂತೆ. "ಇಟ್ಟಿಗಿ ಬಿಟ್ಟು ಇನ್ನೆಲ್ಲಿಗೆ ಹೋಗಿರ್ತೀರಿ? ಅಲ್ಲೇ ಇರ್ರಿ, ನಾನ ಬರ್ತೀನಿ" ಅಂದು ಅವರು ಫೋನು ಇಟ್ಟರು.

ಸಂಜೆಯ ಬಸ್ಸಿಗೆ ಬಂದರು. ಕರ್ರಗಾಗಿದ್ದರು, ತೆಳ್ಳಗಾಗಿದ್ದರು. ಅಂಗಳದಲ್ಲಿ ನಿಂತಿದ್ದ ಬೈಕನ್ನು ಸುತ್ತು ಹಾಕಿ ನೋಡಿದರು. ಹೊಸ ಕನ್ನಡಿ ನೋಡಿದರು, ಹೊಸ ಲೈಟು ನೋಡಿದರು, ಸೀಟಿನ ಸಂದಿಯಿಂದ ಒಂದು ಮಂಡಕ್ಕಿ ಕಾಳು ಹೆಕ್ಕಿ ತೆಗೆದರು. ಆಮೇಲೆ ಅತ್ತೆಯನ್ನೂ ನನ್ನನ್ನೂ ನೋಡಿದರು. "ಇನ್ನೂ ನಾಕ್ ತಿಂಗಳು ಐತಿ ನಂದು. ಏನ್ ಹೇಳಿ ಹೋಗಿದ್ದೆ ನಾನು?"

ಗಿರಾಕಿಗಳು, ಮಷೀನು, ಮುಂದೆ ನಾಲ್ಕು ತಿಂಗಳ ಬೀಗ, ಎಲ್ಲ ನನ್ನ ಕಣ್ಣ ಮುಂದೆ ಬಂತು. ಅತ್ತೆ ಮಾತ್ರ ತುಪ್ಪದ ಕೈ ಒರೆಸಿಕೊಂಡು ಹೇಳಿದರು: "ಇಟ್ಟಿಗಿಗೆ ಹೋಗ್ರಿ ಅಂತ ಹೇಳಿದ್ದಿ. ಹೇಳಿದ ಮಾತು ಕೇಳಿ ಬಂದೀವಲ್ಲ. ಅದಕ್ಕೂ ಸಿಟ್ಟೇನು?"

ಅವರು ನಗು ತಡೆಯಲು ನೋಡಿದರು. ಆಮೇಲೆ ತಡೆಯಲಾಗದೆ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಎಲ್ಲಿಗೂ ಹೋಗೂದು ಬ್ಯಾಡ ತಗೀರಿ. ನಿಮ್ಮ ಕೈಲಿ ಆಗ್ತೈತಿ. ಇನ್ ಮ್ಯಾಲೆ ನನ್ನ ಮುಂದ ಖರೇ ಹೇಳ್ರಿ, ಅಷ್ಟ ಸಾಕು."

ಹೊರಡುವಾಗ ಅವರು ಬೈಕಿನ ಕೀಲಿಗೆ ಕೈ ಚಾಚಿದರು. ಅತ್ತೆ ಬಿಡಲಿಲ್ಲ. "ಮೂರು ಮಂದಿ ಕುಂತ್ರ ಪೊಲೀಸ್ರು ಹಿಡೀತಾರ. ಬಸ್ಸಿನಾಗ ನನಗ ವಾಂತಿ ಬರ್ತೈತಿ. ನೀ ಓಡಿಸೂದು ಬಿಟ್ಟು ಎಂಟು ತಿಂಗಳಾತು, ನನಗ ನಂಬಿಕಿಲ್ಲ. ನಾನು ಸೊಸಿ ಕೂಡ ಹೋಗ್ತೀನಿ." ಹೀಗಾಗಿ ಸಮುದ್ರ ದಾಟಿ ಬಂದ ಹವಾಲ್ದಾರರು ತೊಡೆಯ ಮೇಲೆ ಹೋಳಿಗೆ ಡಬ್ಬಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದರು. ನಾವು ಮೊದಲೇ ಮುಟ್ಟಿದ್ದೆವು. ಮರುದಿನ ಕೊಡಬೇಕಾದ ಒಂದು ಬ್ಲೌಸು ಬಾಕಿಯಿತ್ತು, ಕೂತೆ. ಅತ್ತೆ ಒಲೆ ಹೊತ್ತಿಸಿದರು.

ಬಾಗಿಲು ಬಡಿದ ಸದ್ದಾಯಿತು.

"ತಡೀಯಪ್ಪಾ," ಅತ್ತೆ ಒಳಗಿನಿಂದಲೇ ಕೂಗಿದರು, "ನಾನು ರೊಟ್ಟಿ ಬಡಿಯಾಕತ್ತೀನಿ. ನಿನ್ನ ಹೆಂಡ್ತಿ ಮಷೀನ್ ಮುಂದ ಅದಾಳ."

ಎಂಟು ತಿಂಗಳಲ್ಲಿ ಅವರಿಗೆ ಹೇಳಿದ ಮೊದಲ ಖರೇ ಮಾತು. ಅದನ್ನು ಮಾತ್ರ ಅವರು ನಂಬಲಿಲ್ಲ. ಬೀಗ ಹಾಕಿದೆಯೋ ಏನೋ ಅಂತ ಹೊರಗೆ ಚಿಲಕ ತಡವುತ್ತಾ ನಿಂತಿದ್ದರು.