ಪೋಷಕರು ಖುದ್ದಾಗಿ ಬರತಕ್ಕದ್ದು

ಪರೀಕ್ಷೆಯ ಪ್ರವೇಶಪತ್ರ ಬೇಕಾದರೆ ಪೋಷಕರು ಖುದ್ದಾಗಿ ಬಂದು ರುಜು ಹಾಕತಕ್ಕದ್ದು ಎಂದು ಕಾಲೇಜಿನ ಗೋಡೆಗೆ ಚೀಟಿ ಅಂಟಿಸಿದ್ದರು. ಇವತ್ತೇ ಕಡೆಯ ದಿನ. ಚೀಟಿ ಓದಿದ ಹುಡುಗನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಇನ್ನೊಂದು ದಿನ ತಪ್ಪಿಸಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಮೇಸ್ತ್ರಿ ಹೇಳಿಯಾಗಿತ್ತು.

ಹಾಗಾಗಿ ಅವನು ಅಮ್ಮನಿಗೆ ಸುದ್ದಿಯನ್ನೇ ಹೇಳದೆ, ನಿಯಮವನ್ನೇ ಕಿತ್ತುಹಾಕಿಸಲು ಅರ್ಜಿ ಹಿಡಿದು ಹೊರಟ.

"ಹಾಸ್ಟೆಲ್ಲಿನ ನಲ್ಲೀಲಿ ನೀರಿಲ್ಲ, ಅದನ್ನೂ ಸೇರ್ಸೋ" ಎಂದ ಗೆಳೆಯ. "ಹಾಗೇ ತಿರುಗದ ನನ್ನ ಫ್ಯಾನೂ" ಎಂದರು ಗ್ರಂಥಾಲಯದವರು. ಮಧ್ಯಾಹ್ನದ ಹೊತ್ತಿಗೆ ಅರ್ಜಿ ತುಂಬಿದ ಬಸ್ಸಿನಂತಾಗಿ, ಅವನ ಮೂಲ ಬೇಡಿಕೆ ಬಾಗಿಲಲ್ಲಿ ಜೋತಾಡುತ್ತಿತ್ತು.

ಗುಮಾಸ್ತರು ಕನ್ನಡಕ ಏರಿಸಿದರು. "ಅರ್ಜಿ ಕೊಡೋರು ಪೋಷಕರನ್ನ ಕರ್ಕೊಂಡು ಬರ್ಬೇಕು ಕಣಪ್ಪ."

"ಪೋಷಕರು ಬರೋದು ಬೇಡ ಅನ್ನೋದೇ ಅರ್ಜಿ, ಸಾರ್."

"ಅದನ್ನ ಅವರೇ ಬಂದು ಹೇಳ್ಲಿ."

ಗಲಾಟೆ ಕೇಳಿ ಪ್ರಾಂಶುಪಾಲೆ ಹೊರಬಂದರು. "ಜಗಳ ಯಾಕೆ? ರುಜು ಹಾಕೋಕೆ ಬಂದೋರೆಲ್ಲ ಹೊರಗೆ ಸಾಲಲ್ಲಿದಾರೆ. ಅವರು ಬೇಡ ಅಂದ್ರೆ ಈಗಲೇ ನಿಯಮ ತೆಗೀತೀನಿ."

ಅವನಿಗೆ ಅಷ್ಟೇ ಸಾಕಿತ್ತು. ಮೆಟ್ಟಿಲ ಮೇಲೆ ನಿಂತು, ದುಡಿಯುವವರ ದಿನವೆಂದರೆ ಕಾಲೇಜಿಗೆ ಇಷ್ಟು ಅಗ್ಗವೇ, ಒಂದು ಗೀಚಿಗಾಗಿ ಇವರನ್ನು ಬಿಸಿಲಲ್ಲಿ ನಿಲ್ಲಿಸಬೇಕೇ ಎಂದು ಗಂಟಲು ಹರಿಯುವಂತೆ ಕೇಳಿದ. ಚಪ್ಪಾಳೆ ಬಿತ್ತು. ಒಬ್ಬ ಅಜ್ಜ ಕಣ್ಣೊರೆಸಿಕೊಂಡ.

"ಸರಿ, ನಿಯಮ ಇರ್ಲಿ ಅನ್ನೋರು ಕೈ ಎತ್ತಿ" ಎಂದರು ಪ್ರಾಂಶುಪಾಲೆ.

ಸಾಲಿನ ಕೊನೆಯಲ್ಲಿ ಒಂದು ಕೈ ಎದ್ದಿತು. ವರ್ಷಗಟ್ಟಲೆ ಸೋಪಿನ ನೀರಲ್ಲಿ ನೆನೆದು ಬೆರಳ ತುದಿ ಸುಕ್ಕಾಗಿದ್ದ ಕೈ. ಅಮ್ಮ! ಪಕ್ಕದ ಮನೆ ಟೈಲರಕ್ಕನ ಮಗಳದೂ ಇದೇ ಕಾಲೇಜು, ಸುದ್ದಿ ನಿಲ್ಲುವುದೆಲ್ಲಿ? ಅಮ್ಮನ ಹಿಂದೆಯೇ ಉಳಿದ ಕೈಗಳೂ ಎದ್ದವು. ಅಜ್ಜ ಎರಡೂ ಎತ್ತಿದ.

ಅವನು ಅಮ್ಮನ ಬಳಿ ಓಡಿದ. "ನಿನ್ನ ಕೆಲ್ಸ ಏನಮ್ಮ?"

"ರಾತ್ರಿ ಪಾಳಿಗೆ ಬದಲಾಯಿಸ್ಕೊಂಡೆ ಬಿಡು. ದಿನಾ ಈ ಗೇಟ್ ಮುಂದೇನೇ ಹೋಗ್ತೀನಿ ಕಣೋ. ರುಜು ನೆಪ ಇಲ್ದಿದ್ರೆ ನನ್ನ ಒಳಗೆ ಬಿಡೋರು ಯಾರು?"

ಮನ ಕರಗಿದ ಪ್ರಾಂಶುಪಾಲೆ, ಇನ್ನು ಮುಂದೆ ಪೋಷಕರು ತಿಂಗಳಿಗೊಮ್ಮೆ ಬರತಕ್ಕದ್ದೆಂದು ಅಲ್ಲೇ ಆದೇಶ ಬರೆಸಿದರು.

ಮಗನ ಹೆಗಲನ್ನು ಅಮ್ಮ ತಟ್ಟಿದಳು. "ಮಾತು ಚೆನ್ನಾಗಾಡ್ದೆ. ಮೊದಲು ಚಪ್ಪಾಳೆ ಹೊಡ್ದೋಳೇ ನಾನು. ಇನ್ನೊಂದು ಅರ್ಜಿ ಬರ್ದುಬಿಡು ಮಗಾ, ಬಂದೋರನ್ನ ಒಂದು ಗಂಟೆ ಕ್ಲಾಸಲ್ಲೂ ಕೂರಿಸ್ಲಿ ಅಂತ. ನಿನ್ನ ಬೆಂಚಲ್ಲಿ ಜಾಗ ಇದ್ಯಂತಲ್ಲ."